ಫುಲ್‌ಗೆ ಮುಂಚೆ ಒಂದು ಹಾಫ್: ಅಕ್ಕೋರ ಜೊತೆ ಓಟದ ಮಾತು

ಪ್ರಶ್ನೆ: ಅಕ್ಕೋರೇ, ನಮಸ್ಕಾರ. ನನಗೆ 38 ವರ್ಷ. ಶಿರಸಿ ಹತ್ತಿರ ಎರಡು ಎಕರೆ ಅಡಿಕೆ ತೋಟ ಇದೆ. ನಾಲ್ಕು ವರ್ಷದಿಂದ ಓಡುತ್ತಿದ್ದೇನೆ, ವಾರಕ್ಕೆ 45 ಕಿ.ಮೀ. ಆಗುತ್ತದೆ. ಎರಡು ಹಾಫ್ ಮ್ಯಾರಥಾನ್ (21.1 ಕಿ.ಮೀ.) ಮುಗಿಸಿದ್ದೇನೆ. ಒಳ್ಳೆಯ ಟೈಮ್ 1 ಗಂಟೆ 58 ನಿಮಿಷ. ಬರುವ ಜನವರಿಯಲ್ಲಿ ಮುಂಬೈಯಲ್ಲಿ ಮೊದಲ ಫುಲ್ ಮ್ಯಾರಥಾನ್ (42.2 ಕಿ.ಮೀ.) ಓಡಲು ಹೆಸರು ಕೊಟ್ಟಿದ್ದೇನೆ. ಅದಕ್ಕೆ ಐದು ವಾರ ಮುಂಚೆ ಗೋವಾದಲ್ಲಿ ಒಂದು ಹಾಫ್ ಇದೆ. ಜೊತೆಗೆ ಓಡುವ ಗೆಳೆಯರಲ್ಲಿ ಒಬ್ಬ ‘ಜೀವ ಬಿಟ್ಟು ಓಡು, ಆಗಲೇ ನಿನ್ನ ಫುಲ್‌ನ ಟೈಮ್ ಗೊತ್ತಾಗೋದು’ ಅನ್ನುತ್ತಾನೆ. ಇನ್ನೊಬ್ಬ ‘ಹೋಗಲೇ ಬೇಡ, ಆ ದಿನ ಬನವಾಸಿ ರಸ್ತೆಯಲ್ಲಿ 30 ಕಿ.ಮೀ. ಓಡು’ ಅನ್ನುತ್ತಾನೆ. ಅದು ಅಡಿಕೆ ಕೊನೆ (ಗೊಂಚಲು) ಕೊಯ್ಲಿನ ಕಾಲ ಬೇರೆ. ಏನು ಮಾಡಲಿ? ಹಾಫ್‌ನ ಟೈಮ್ ಎರಡು ಪಟ್ಟು ಮಾಡಿದರೆ ಫುಲ್‌ನ ಟೈಮ್ ಸಿಗುತ್ತದಾ?
— ಒಬ್ಬ ಓದುಗ, ಶಿರಸಿ

ಉತ್ತರ: ಹೋಗಿ. ಆದರೆ ಜೀವ ಬಿಟ್ಟು ಓಡಲಿಕ್ಕೆ ಹೋಗಬೇಡಿ. ಹಾಗಂತ ಊರು ನೋಡಿ ಬರಲಿಕ್ಕೂ ಅಲ್ಲ. ಯಾಕೆ ಹೋಗುತ್ತಿದ್ದೇನೆ ಅನ್ನುವುದು ಮನೆಯಿಂದ ಹೊರಡುವ ಮುಂಚೆಯೇ ತೀರ್ಮಾನ ಆಗಿರಬೇಕು. ಅಲ್ಲಿ ಹೋದ ಮೇಲೆ ನೋಡಿದರಾಯಿತು ಅಂದುಕೊಂಡರೆ ಆಗುವುದಿಲ್ಲ. ಸ್ಪೀಕರಿನಲ್ಲಿ ಹಾಡು ಹಚ್ಚಿರುತ್ತಾರೆ, ಸುತ್ತಲೂ ಸಾವಿರ ಜನ ಕುಣಿಯುತ್ತಿರುತ್ತಾರೆ. ಆ ಹೊತ್ತಿನಲ್ಲಿ ಕಾಲು ನಮ್ಮ ಮಾತು ಕೇಳುವುದಿಲ್ಲ.

ಇಷ್ಟು ಗಟ್ಟಿಯಾಗಿ ಹೇಳಲು ಕಾರಣ ಇದೆ. 2014ರ ಜನವರಿಯಲ್ಲಿ ನಾನು ಮುಂಬೈಯಲ್ಲಿ ಫುಲ್ ಓಡುವವಳಿದ್ದೆ. ನನಗಾಗ 44 ವರ್ಷ. ಅಂಕೋಲಾ ಕಡೆಯ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಅಕ್ಕೋರಾಗಿದ್ದೆ. ಹದಿನೆಂಟು ವಾರ ತಯಾರಿ ಮಾಡಿದ್ದೆ, ಒಂದು ಲಾಂಗ್ ರನ್ (ವಾರದ ದೂರದ ಓಟ) ಕೂಡ ತಪ್ಪಿಸಿರಲಿಲ್ಲ. ಎರಡು ವಾರ ಇದೆ ಅನ್ನುವಾಗ ಬೇರೆ ಊರಿನ ಒಂದು ಹಾಫ್‌ಗೆ ಹೋದೆ. ‘ನಿಧಾನ ಓಡುತ್ತೇನೆ’ ಅಂತ ಮನೆಯಲ್ಲಿ ಹೇಳಿಯೇ ಹೊರಟಿದ್ದು. ಐದನೇ ಕಿಲೋಮೀಟರಿನಲ್ಲಿ ನನ್ನ ವಯಸ್ಸಿನವಳೇ ಒಬ್ಬಳು ಪಕ್ಕದಿಂದ ದಾಟಿ ಹೋದಳು. ಅಷ್ಟೇ. ಅವಳ ಹಿಂದೆ ಬಿದ್ದೆ. 1 ಗಂಟೆ 54 ನಿಮಿಷದಲ್ಲಿ ಮುಗಿಸಿದೆ. ಅದುವರೆಗಿನ ನನ್ನ ಟೈಮ್‌ಗಿಂತ ಆರು ನಿಮಿಷ ಬೇಗ. ಆ ರಾತ್ರಿ ಬಸ್ಸಿನಲ್ಲಿ ಮೆಡಲ್ ಕೈಯಲ್ಲಿ ಹಿಡಿದುಕೊಂಡೇ ನಿದ್ದೆ ಮಾಡಿದ್ದೆ.

ಎರಡು ವಾರದ ನಂತರ ಮುಂಬೈ. ಸಮುದ್ರದ ಮೇಲಿನ ಸೀ ಲಿಂಕ್ ಸೇತುವೆ ದಾಟುವವರೆಗೆ ಎಲ್ಲವೂ ಚೆನ್ನಾಗಿತ್ತು. ಮೂವತ್ತನೇ ಕಿಲೋಮೀಟರಿನ ಸುಮಾರಿಗೆ ತೊಡೆಯ ಮುಂಭಾಗ ಕಲ್ಲಾಯಿತು. ಉಸಿರಿಗೆ ಏನೂ ತೊಂದರೆ ಇರಲಿಲ್ಲ, ಕಾಲೇ ಎತ್ತಲು ಬರುತ್ತಿರಲಿಲ್ಲ. ವಾಪಸು ಬರುವಾಗ 35 ದಾಟಿದ ಮೇಲೆ ಪೆಡ್ಡರ್ ರೋಡಿನ ಏರು ಸಿಗುತ್ತದೆ. ನಮ್ಮ ಘಟ್ಟದ ಮುಂದೆ ಅದೊಂದು ಏರೇ ಅಲ್ಲ. ಆ ದಿನ ನಾನು ಅದನ್ನು ನಡೆದು ಹತ್ತಿದೆ. ರಸ್ತೆ ಬದಿಯಲ್ಲಿ ನಿಂತ ಒಬ್ಬ ಅಜ್ಜಿ ಕಿತ್ತಳೆ ಸುಲಿದು ಕೈಗೆ ಕೊಟ್ಟರು. ತೆಗೆದುಕೊಂಡು ಅಳುತ್ತಾ ತಿಂದೆ. 4 ಗಂಟೆ 5 ನಿಮಿಷ ಅಂತ ಲೆಕ್ಕ ಹಾಕಿದ್ದೆ. ಆಗಿದ್ದು 4 ಗಂಟೆ 51.

ಹಾಫ್‌ನಲ್ಲಿ ಜೀವ ಬಿಟ್ಟು ಓಡಿದ ಸ್ನಾಯುಗಳಿಗೆ ಎರಡು ವಾರದಲ್ಲಿ ಪೂರ್ತಿ ಸುಧಾರಿಸಿಕೊಳ್ಳಲು ಆಗಿರಲಿಲ್ಲ. ಮೇಲಿಂದ ಏನೂ ಗೊತ್ತಾಗುತ್ತಿರಲಿಲ್ಲ. ಮೂರು ದಿನ ಕಳೆದರೆ ಮೆಟ್ಟಿಲು ಇಳಿಯುವಾಗ ನೋವಿಲ್ಲ, ‘ಸರಿಹೋಯಿತು’ ಅಂತ ನಾವಂದುಕೊಳ್ಳುತ್ತೇವೆ. ಒಳಗಿನ ಸಣ್ಣ ಸಣ್ಣ ಗಾಯಗಳು ಮಾಯಲು ಅದಕ್ಕಿಂತ ತುಂಬಾ ಜಾಸ್ತಿ ದಿನ ಬೇಕು.

ನಿಮಗೆ ಐದು ವಾರ ಇದೆ. ಅದು ಒಳ್ಳೆಯ ಅಂತರ. ಮುಂಬೈ ಓಟ ಸಾಮಾನ್ಯವಾಗಿ ಜನವರಿಯ ಮೂರನೇ ಭಾನುವಾರ. ಚಿಕಾಲಿಮ್‌ನ ಗೋವಾ ರಿವರ್ ಮ್ಯಾರಥಾನ್ ಡಿಸೆಂಬರ್‌ನಲ್ಲಿ ನಡೆಯುತ್ತದೆ. ನಮ್ಮ ಜಿಲ್ಲೆಯವರಿಗೆ ಹತ್ತಿರ, ರೈಲಿನಲ್ಲಿ ಹೋಗಿಬರಬಹುದು. ಮಂಗಳೂರಿನದು ನವೆಂಬರ್‌ನಲ್ಲಿ, ಅದು ಸ್ವಲ್ಪ ಬೇಗ ಆಯಿತು. ಮಣಿಪಾಲದ್ದು ಫೆಬ್ರವರಿ, ಅಷ್ಟರಲ್ಲಿ ನಿಮ್ಮ ಕೆಲಸ ಮುಗಿದಿರುತ್ತದೆ. ಹಾಗಾಗಿ ಗೋವಾ ಸರಿ.

ನಿಮ್ಮ ಮೊದಲ ಗೆಳೆಯನ ಮಾತನ್ನು ಪೂರ್ತಿ ತಳ್ಳಿಹಾಕುವುದಿಲ್ಲ. ಮೂರ್ನಾಲ್ಕು ಫುಲ್ ಓಡಿದವರು, ವಾರಕ್ಕೆ 60–70 ಕಿ.ಮೀ. ಮಾಡುವವರು ನಾಲ್ಕರಿಂದ ಆರು ವಾರ ಮುಂಚೆ ಒಂದು ಹಾಫ್ ಪೂರ್ತಿ ಜೋರಿನಲ್ಲಿ ಓಡಿ ನೋಡುತ್ತಾರೆ. ಅವರಿಗೆ ಅದರಿಂದ ಲಾಭ ಇದೆ. ನೀವು ಮೊದಲ ಸಲದವರು, ಮೇಲಿಂದ ಕೊಯ್ಲಿನ ಕೆಲಸ. ಜೋರಾಗಿ ಓಡಿದರೆ ಆಮೇಲೆ ಹತ್ತು ದಿನ ಸರಿಯಾಗಿ ಓಡಲಾಗುವುದಿಲ್ಲ. ಆ ಹತ್ತು ದಿನ ನಿಮಗೆ ಬೇಕು.

ಎರಡು ಪಟ್ಟಿನ ಲೆಕ್ಕಕ್ಕೆ ಬರೋಣ. 1 ಗಂಟೆ 58ರ ಎರಡು ಪಟ್ಟು ಅಂದರೆ 3 ಗಂಟೆ 56. ಅದನ್ನು ಈಗಲೇ ತಲೆಯಿಂದ ತೆಗೆದುಹಾಕಿ. ಅಮೆರಿಕದ ಪೀಟ್ ರೀಗಲ್ ಎಂಬ ಇಂಜಿನಿಯರ್ 1977ರಲ್ಲಿ ಒಂದು ಸೂತ್ರ ಕೊಟ್ಟರು. ದೂರ ಎರಡು ಪಟ್ಟಾದರೆ ಟೈಮ್ ಸುಮಾರು 2.085 ಪಟ್ಟಾಗುತ್ತದೆ ಅಂತ. ಅದರ ಪ್ರಕಾರ ನಿಮ್ಮದು 4 ಗಂಟೆ 6 ನಿಮಿಷ. ಈ ಸೂತ್ರ ಎರಡೂ ದೂರಕ್ಕೆ ಚೆನ್ನಾಗಿ ತಯಾರಾದವರಿಗೆ ಹೊಂದುತ್ತದೆ. ವಾರಕ್ಕೆ 45 ಕಿ.ಮೀ. ಓಡುವವರಿಗೆ ಇನ್ನೂ ಹತ್ತು ಹದಿನೈದು ನಿಮಿಷ ಸೇರಿಸಲೇಬೇಕು. ನಾನಾದರೆ 4 ಗಂಟೆ 20 ಅಂತ ಇಟ್ಟುಕೊಳ್ಳುತ್ತೇನೆ. ಕಿಲೋಮೀಟರಿಗೆ 6 ನಿಮಿಷ 10 ಸೆಕೆಂಡ್.

ಈ ವ್ಯತ್ಯಾಸ ಯಾಕೆ ಬರುತ್ತದೆ ಗೊತ್ತಾ? ನಮ್ಮ ಸ್ನಾಯು ಮತ್ತು ಲಿವರ್‌ನಲ್ಲಿ ಗ್ಲೈಕೋಜನ್ ರೂಪದಲ್ಲಿ ಸಕ್ಕರೆ ಕೂಡಿಟ್ಟಿರುತ್ತದೆ. ಜೋರಾಗಿ ಓಡಿದರೆ ಅದು ಒಂದೂವರೆ, ಎರಡು ಗಂಟೆ ಬರುತ್ತದೆ. ನಿಮ್ಮ ಹಾಫ್ ಅಷ್ಟರೊಳಗೆ ಮುಗಿದುಹೋಗುತ್ತದೆ. ಸ್ಕೂಟರ್ ರಿಸರ್ವ್‌ಗೆ ಬೀಳುವ ಮುಂಚೆಯೇ ಮನೆ ಮುಟ್ಟಿದ ಹಾಗೆ. ಫುಲ್‌ನಲ್ಲಿ ಪೆಟ್ರೋಲ್ ಖಾಲಿಯಾಗುವುದು ದಾರಿ ನಡುವೆ, ಹೆಚ್ಚಿನವರಿಗೆ 30–32ರ ಹತ್ತಿರ. ಓಟಗಾರರು ‘ವಾಲ್’ ಅನ್ನುವುದು ಇದಕ್ಕೇ. ಎಷ್ಟು ಹಾಫ್ ಓಡಿದರೂ ಅದರ ಪರಿಚಯ ಆಗುವುದಿಲ್ಲ. ಹಾಗಾಗಿ ನಿಮ್ಮ ಎರಡನೇ ಗೆಳೆಯ ಹೇಳಿದ 30 ಕಿ.ಮೀ. ಓಟವೂ ಬೇಕೇ ಬೇಕು. ಅದನ್ನು ಗೋವಾದ ಬದಲು ಅಲ್ಲ, ಗೋವಾ ಆದ ಮೇಲೆ ಇಟ್ಟುಕೊಳ್ಳಿ.

ಇನ್ನು ಗೋವಾದಲ್ಲಿ ಏನು ಮಾಡಬೇಕು ಅನ್ನುವುದು. ಓಟ ಶುರುವಾಗುವ ಮುಂಚೆ 4 ಕಿ.ಮೀ. ತೀರಾ ನಿಧಾನವಾಗಿ ಓಡಿ. ಆಮೇಲೆ ಹಾಫ್‌ನ ಮೊದಲ 16 ಕಿ.ಮೀ. ಗಡಿಯಾರ ನೋಡಿಕೊಂಡು 6:10ರಲ್ಲೇ. ಮೊದಲ ಎರಡು ಕಿಲೋಮೀಟರ್ ತುಂಬಾ ಕಷ್ಟ. ಓಡಲಿಕ್ಕಲ್ಲ, ತಡೆದುಕೊಳ್ಳಲಿಕ್ಕೆ. ಎಲ್ಲರೂ ನಿಮ್ಮನ್ನು ದಾಟಿಕೊಂಡು ಹೋಗುತ್ತಾರೆ. ಹೋಗಲಿ. 16 ಆದ ಮೇಲೂ ಪಕ್ಕದವರ ಜೊತೆ ಎರಡು ಮಾತಾಡುವಷ್ಟು ಉಸಿರಿದ್ದರೆ ಕೊನೆಯ ಐದಕ್ಕೆ 5:50ಕ್ಕೆ ಬನ್ನಿ. ಸುಮಾರು 2 ಗಂಟೆ 8 ನಿಮಿಷಕ್ಕೆ ಮುಗಿಯುತ್ತದೆ. ನಿಮ್ಮ ಒಳ್ಳೆಯ ಟೈಮ್‌ಗಿಂತ ಹತ್ತು ನಿಮಿಷ ಜಾಸ್ತಿ. ಮೆಡಲ್ ಹಾಕಿಸಿಕೊಂಡು, ನೀರು ಕುಡಿದು, ಇನ್ನೂ 3 ಕಿ.ಮೀ. ಮೆಲ್ಲಗೆ ಓಡಿ. ಒಟ್ಟು 28 ಆಯಿತು. ಅಷ್ಟೂ ದೂರ ಒಬ್ಬರೇ ಬನವಾಸಿ ರಸ್ತೆಯಲ್ಲಿ ಓಡಿದ್ದರೆ ನೀರಿನ ಬಾಟಲಿ ಹೊತ್ತುಕೊಂಡು ಓಡಬೇಕಿತ್ತು, ಅಲ್ವಾ?

ಅಕಸ್ಮಾತ್ 6:10ರಲ್ಲಿ ಹನ್ನೆರಡನೇ ಕಿಲೋಮೀಟರಿಗೇ ಏದುಸಿರು ಬಂದರೆ ಬೇಜಾರು ಮಾಡಿಕೊಳ್ಳಬೇಡಿ. ಗೋವಾಕ್ಕೆ ಹೋಗಿದ್ದು ಸಾರ್ಥಕ ಆಯಿತು ಅಂದುಕೊಳ್ಳಿ. ಮುಂಬೈಗೆ 6:25 ಇಟ್ಟುಕೊಳ್ಳಿ, 4 ಗಂಟೆ 30 ನಿಮಿಷದಲ್ಲಿ ಮುಗಿಸುತ್ತೀರಿ. ಅದು ಡಿಸೆಂಬರ್‌ನಲ್ಲೇ ಗೊತ್ತಾಗುವುದಕ್ಕೂ ಪೆಡ್ಡರ್ ರೋಡಿನಲ್ಲಿ ಗೊತ್ತಾಗುವುದಕ್ಕೂ ತುಂಬಾ ವ್ಯತ್ಯಾಸ ಇದೆ.

ಘಟ್ಟದ ಮೇಲಿನವರಾದ ನಿಮಗೆ ನಾನು ಗೋವಾಕ್ಕೆ ಹೋಗಿ ಅನ್ನಲು ಇನ್ನೊಂದು ದೊಡ್ಡ ಕಾರಣ ಬೆವರು. ಡಿಸೆಂಬರ್ ಬೆಳಿಗ್ಗೆ ಶಿರಸಿಯಲ್ಲಿ ಇಬ್ಬನಿ ಬೀಳುತ್ತಿರುತ್ತದೆ, ಹತ್ತು ಕಿ.ಮೀ. ಓಡಿದರೂ ಕೈ ತಣ್ಣಗೆ. ಕರಾವಳಿಯಲ್ಲಿ ಹಾಗಲ್ಲ. ಗಾಳಿಯಲ್ಲೇ ನೀರಿರುತ್ತದೆ, ಬೆವರು ಆರುವುದಿಲ್ಲ. ಬೆವರು ಆರಿದರೆ ತಾನೇ ಮೈ ತಣಿಯುವುದು? ಸುಮ್ನೆ ಇಳಿದು ಶೂ ಸೇರುತ್ತದೆ. ಅದೇ ವೇಗಕ್ಕೆ ಎದೆಬಡಿತ ಹತ್ತು ಹದಿನೈದು ಜಾಸ್ತಿ ಆಗುತ್ತದೆ. ಮುಂಬೈಯೂ ಸಮುದ್ರದ ಊರೇ.

ನನ್ನ ತಂಗಿಯನ್ನು ಶಿರಸಿಗೆ ಕೊಟ್ಟಿದ್ದು. ಒಮ್ಮೆ ಡಿಸೆಂಬರ್‌ನಲ್ಲಿ ಅವಳ ಮನೆಯಲ್ಲಿ ಉಳಿದು ಎರಡು ಗಂಟೆ ಓಡಿದೆ. ಓಡುವ ಮುಂಚೆ, ಓಡಿದ ಮೇಲೆ ಅವರ ಅಡಿಕೆ ತೂಗುವ ಕಾಟಾದ ಮೇಲೆ ನಿಂತು ತೂಕ ನೋಡಿದೆ. ಕುಡಿದ ನೀರನ್ನೂ ಲೆಕ್ಕ ಹಿಡಿದರೆ ಬೆವರು 1.1 ಲೀಟರ್. ಮುಂದಿನ ವಾರ ಕಾರವಾರದಲ್ಲಿ ಅಷ್ಟೇ ಹೊತ್ತು, ಅದೇ ವೇಗ. ಓಡುವ ಮುಂಚೆ 54.2 ಕಿಲೋ, ಬಂದ ಮೇಲೆ 52.6. ನಡುವೆ 400 ಎಂ.ಎಲ್. ಕುಡಿದಿದ್ದೆ. ಅಂದರೆ ಬೆವರಾಗಿ ಹೋಗಿದ್ದು ಎರಡು ಲೀಟರ್. ಹತ್ತಿರ ಹತ್ತಿರ ಎರಡು ಪಟ್ಟು! ಕಪ್ಪು ಟೀ ಶರ್ಟ್ ತಂತಿಯ ಮೇಲೆ ಹಾಕಿದ್ದೆ. ಒಣಗಿದ ಮೇಲೆ ನೋಡಿದರೆ ಬೆನ್ನಿನ ಮೇಲೆ ಉಪ್ಪಿನ ಗೆರೆ, ಸಾಣಿಕಟ್ಟೆಯ ಉಪ್ಪಿನ ಗದ್ದೆಯ ಅಂಚಿನ ಹಾಗೆ.

ನೀವೂ ತೂಗಿ ನೋಡಿ. ಕಾಟಾ ಮನೆಯಲ್ಲೇ ಇರುತ್ತದೆ. ಶಿರಸಿಯಲ್ಲಿ ಒಮ್ಮೆ, ಗೋವಾದಲ್ಲಿ ಒಮ್ಮೆ. ಕಡಿಮೆಯಾದ ಪ್ರತಿ ಕಿಲೋಗೆ ಒಂದು ಲೀಟರ್ ಅಂತ ಹಿಡಿಯಿರಿ. ಹೋದದ್ದನ್ನೆಲ್ಲ ಓಡುತ್ತಲೇ ತುಂಬಿಸಬೇಕು ಅಂತಿಲ್ಲ. ಬಾಯಾರಿಕೆ ಆದ ಹಾಗೆ ಸ್ವಲ್ಪ ಸ್ವಲ್ಪ ಕುಡಿದರೆ ಸಾಕು. ಬೆವರಿದ್ದಕ್ಕಿಂತ ಜಾಸ್ತಿ ಮಾತ್ರ ಕುಡಿಯಲೇಬಾರದು. ಬರೀ ನೀರು ಹೊಟ್ಟೆ ತುಂಬ ಕುಡಿಯುತ್ತಾ ಹೋದರೆ ರಕ್ತದಲ್ಲಿ ಸೋಡಿಯಂ ಇಳಿದು ತಲೆ ತಿರುಗಿ, ವಾಂತಿಯಾಗಿ, ಜೀವಕ್ಕೇ ಅಪಾಯ ಆಗಬಹುದು. ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ರಸ್ತೆಯಲ್ಲಿರುವವರಿಗೇ ಈ ಅಪಾಯ ಜಾಸ್ತಿ. ಓ.ಆರ್.ಎಸ್. ಪ್ಯಾಕೆಟ್ ಇಟ್ಟುಕೊಳ್ಳಿ. ಒಂದು ಲೀಟರಿನ ಪ್ಯಾಕೆಟ್ ಆದರೆ ಒಂದು ಲೀಟರಿಗೇ ಕಲಸಿ, ಅರ್ಧ ಬಾಟಲಿಗೆ ಪೂರ್ತಿ ಸುರಿಯಬೇಡಿ.

ತಿನ್ನುವುದನ್ನೂ ಅಲ್ಲೇ ಪರೀಕ್ಷೆ ಮಾಡಿ. ಗಂಟೆಗೆ 30ರಿಂದ 60 ಗ್ರಾಂ ಸಕ್ಕರೆಯ ಅಂಶ ಒಳಗೆ ಹೋಗಬೇಕು. ಒಂದು ಮಧ್ಯಮ ಬಾಳೆಹಣ್ಣಿನಲ್ಲಿ ಸುಮಾರು 25 ಗ್ರಾಂ ಸಿಗುತ್ತದೆ. ಅಂಗಡಿಯ ಜೆಲ್‌ನಲ್ಲೂ ಹೆಚ್ಚು ಕಡಿಮೆ ಅಷ್ಟೇ. ಹಾಫ್ ಮುಗಿಸಲು ನಿಮಗೆ ಅಷ್ಟು ಬೇಕಾಗಲಿಕ್ಕಿಲ್ಲ. ಆದರೂ 40ನೇ ನಿಮಿಷಕ್ಕೆ ಒಂದು, 80ಕ್ಕೆ ಒಂದು ತಿನ್ನಿ. ಹೊಟ್ಟೆಗೂ ಅಭ್ಯಾಸ ಬೇಕು. ಓಡುತ್ತಾ ನೀರು ಕುಡಿಯುವುದಕ್ಕೂ ಅಭ್ಯಾಸ ಬೇಕು. ಪೇಪರ್ ಲೋಟದ ಬಾಯನ್ನು ಎರಡು ಬೆರಳಲ್ಲಿ ಅದುಮಿ ಮೂತಿ ಮಾಡಿಕೊಂಡರೆ ಮೂಗಿಗೆ ನೀರು ಹೋಗುವುದಿಲ್ಲ. ಮುಂಬೈಗೆ ಹಾಕುವ ಶೂ, ಕಾಲುಚೀಲ, ಬನಿಯನ್ನು, ಚಡ್ಡಿ ಎಲ್ಲವನ್ನೂ ಗೋವಾದಲ್ಲೇ ಹಾಕಿ. ತೊಡೆ ಸಂದು, ಕಂಕುಳು, ಎದೆಯ ತೊಟ್ಟಿಗೆ ವ್ಯಾಸಲೀನ್ ಹಚ್ಚಿ. ಎಲ್ಲಿ ಉಜ್ಜಿ ಉರಿಯುತ್ತದೆ ಅಂತ ಸ್ನಾನಕ್ಕೆ ಹೋದಾಗ ಗೊತ್ತಾಗುತ್ತದೆ. ಆ ಜಾಗ ನೆನಪಿಟ್ಟುಕೊಳ್ಳಿ.

ಗಡಿಯಾರ ಕೊನೆಗೆ 21.1 ಬದಲು 21.4 ತೋರಿಸಿದರೆ ಗಾಬರಿ ಬೇಡ. ತಿರುವಿನಲ್ಲಿ ಹೊರಗಿನಿಂದ ಓಡಿದ್ದು, ಜನರನ್ನು ಸುತ್ತಿ ದಾಟಿದ್ದು ಎಲ್ಲ ಸೇರಿ ಅಷ್ಟಾಗುತ್ತದೆ. ಫುಲ್‌ನಲ್ಲಿ ಅದೇ ಅರ್ಧ ಕಿಲೋಮೀಟರಿಗಿಂತ ಜಾಸ್ತಿ ಆಗುತ್ತದೆ, ಅಂದರೆ ಮೂರು ನಿಮಿಷ.

ಇನ್ನು ಕೊಯ್ಲು. ಮರ ಹತ್ತಿ ಕೊನೆ ಇಳಿಸುವ ಕೊನೆಗೌಡರು ಸಿಕ್ಕ ದಿನವೇ ಕೊಯ್ಲು, ನಿಮ್ಮ ಲಾಂಗ್ ರನ್ ನೋಡಿ ಅವರು ಬರುವುದಿಲ್ಲ. ಅದು ನನಗೂ ಗೊತ್ತು. ಹಾಗಾಗಿ ವಾರದಲ್ಲಿ ಎರಡು ಓಟ ಮಾತ್ರ ಬಿಡಬೇಡಿ. ಒಂದು ಲಾಂಗ್ ರನ್, ಇನ್ನೊಂದು ಮ್ಯಾರಥಾನ್ ವೇಗದ 10–12 ಕಿ.ಮೀ. ಉಳಿದದ್ದು ಆದರೆ ಆಯಿತು. ಅಡಿಕೆ ಕೊನೆ ಹೊತ್ತ ದಿನ ಕಾಲಿಗೆ ಅದೇ ವ್ಯಾಯಾಮ. ರಾತ್ರಿ ಮೆಟ್ಟುಗತ್ತಿಯ ಮುಂದೆ ಮೂರು ಗಂಟೆ ಕೂತು ಅಡಿಕೆ ಸುಲಿದರೆ ಸೊಂಟ ಮತ್ತು ತೊಡೆಯ ಹಿಂಭಾಗ ಬಿಗಿಯುತ್ತದೆ. ಅರ್ಧ ಗಂಟೆಗೊಮ್ಮೆ ಎದ್ದು ಅಂಗಳದಲ್ಲಿ ಒಂದು ಸುತ್ತು ನಡೆಯಿರಿ. ನಿದ್ದೆ ಮಾತ್ರ ಕಡಿಮೆ ಮಾಡಬೇಡಿ. ರಾತ್ರಿ ಒಂದು ಗಂಟೆಯವರೆಗೆ ಸುಲಿದು ಬೆಳಿಗ್ಗೆ ಐದಕ್ಕೆ ಓಡುವುದಾದರೆ ಆ ದಿನ ಓಡುವುದಕ್ಕಿಂತ ಮಲಗುವುದೇ ಒಳ್ಳೆಯದು.

ಗೋವಾದಿಂದ ಬಂದ ವಾರ ಹಗುರ ಇರಲಿ, ಒಟ್ಟು 25–30 ಕಿ.ಮೀ. ಸಾಕು. ಅದರ ಮುಂದಿನ ವಾರ, ಅಂದರೆ ಮುಂಬೈಗೆ ಮೂರು ವಾರ ಇರುವಾಗ, 30ರಿಂದ 32 ಕಿ.ಮೀ. ನಿಧಾನವಾಗಿ. ಸಾಧ್ಯವಾದರೆ ಹಿಂದಿನ ರಾತ್ರಿ ಘಟ್ಟ ಇಳಿದು ಕುಮಟಾದಲ್ಲಿ ಉಳಿದು ಅಲ್ಲೇ ಓಡಿ. ಆಮೇಲೆ ಇಳಿಸುತ್ತಾ ಬನ್ನಿ. ಎರಡು ವಾರ ಇರುವಾಗ 20, ಕೊನೆಯ ಭಾನುವಾರ 12. ಈ ಎರಡು ವಾರದಲ್ಲಿ ‘ತಯಾರಿ ಸಾಲದು’ ಅಂತ ಮನಸ್ಸು ಕಾಡುತ್ತದೆ. ಯಾರಾದರೂ ಇನ್ನೊಂದು ಹಾಫ್‌ಗೆ ಕರೆಯುತ್ತಾರೆ. ಹೋಗಬೇಡಿ. 2014ರಲ್ಲಿ ನಾನು ಹೋಗಿದ್ದು ಇದೇ ಹೊತ್ತಿನಲ್ಲಿ.

ಒಂದು ಮಾತು ಬಿಟ್ಟುಹೋಗಿತ್ತು. ಓಡುವ ಮುಂಚೆ ನೋವಿನ ಗುಳಿಗೆ ನುಂಗಬೇಡಿ, ಹಾಫ್‌ಗೂ ಬೇಡ, ಫುಲ್‌ಗೂ ಬೇಡ. ಐಬುಪ್ರೊಫೆನ್ ತರಹದ ಗುಳಿಗೆ ನುಂಗಿ ಬೆವರು ಸುರಿಸುತ್ತಾ ಗಂಟೆಗಟ್ಟಲೆ ಓಡಿದರೆ ಕಿಡ್ನಿಗೆ ಪೆಟ್ಟು. ಗುಳಿಗೆ ನುಂಗಿ ಓಡಬೇಕಾದಷ್ಟು ನೋವಿದ್ದರೆ ಓಡದೇ ಇರಬೇಕು.

ಪ್ರಶ್ನೆ: ಅಕ್ಕೋರೇ, ನಾನು ಕಾರವಾರದಲ್ಲಿ ಬ್ಯಾಂಕ್ ನೌಕರಿಯಲ್ಲಿದ್ದೇನೆ, 31 ವರ್ಷ. ಮಣಿಪಾಲದಲ್ಲಿ ಹಾಫ್ ಓಡಿ, ಅದರ ಮುಂದಿನ ವರ್ಷ ಫುಲ್ ಓಡುವ ಆಸೆ. ಹೆದ್ದಾರಿಯಲ್ಲಿ ಲಾರಿಗಳ ಭಯ, ಹಾಗಾಗಿ ಬೀಚಿನಲ್ಲೇ ಓಡುತ್ತೇನೆ. ಮರಳಿನಲ್ಲಿ ಮಾಡಿದ ಲಾಂಗ್ ರನ್ ಲೆಕ್ಕಕ್ಕೆ ಬರುತ್ತದಾ? ಇತ್ತೀಚೆಗೆ ಬಲಗಾಲಿನ ಹಿಮ್ಮಡಿ ಮೇಲೆ ನೋವು ಶುರುವಾಗಿದೆ.
— ಓದುಗಳು, ಕಾರವಾರ

ಉತ್ತರ: ತಂಗಿ, ನೋವಿಗೆ ಕಾರಣ ನಿಮ್ಮ ಪ್ರಶ್ನೆಯಲ್ಲೇ ಇದ್ದ ಹಾಗಿದೆ. ನಾನು ಕೋಡಿಬಾಗದಲ್ಲಿ ಇರುವವಳು, ದಿನಾ ಅದೇ ಬೀಚು ನೋಡುತ್ತೇನೆ. ಸಪಾಟಾಗಿ ಕಂಡರೂ ಅದು ಸಮುದ್ರದ ಕಡೆಗೆ ಇಳಿಜಾರು. ಯುದ್ಧನೌಕೆ ಸಂಗ್ರಹಾಲಯದ ಕಡೆಯಿಂದ ಕೋಡಿಬಾಗದತ್ತ ಓಡುವಾಗ ಸಮುದ್ರ ಎಡಕ್ಕೆ, ಬಲಗಾಲು ಯಾವಾಗಲೂ ಮೇಲೆ, ಎಡಗಾಲು ಕೆಳಗೆ. ವಾಪಸು ಬರುವಾಗ ಅದಲು ಬದಲಾಗುತ್ತದೆ. ನೀವು ಹೋಗುವಾಗ ಮರಳಿನಲ್ಲಿ ಓಡಿ ಬರುವಾಗ ರಸ್ತೆಯಲ್ಲಿ ಬರುತ್ತಿದ್ದೀರಾ? ಹಾಗಿದ್ದರೆ ಒಂದೇ ಕಾಲಿಗೆ ಜಾಸ್ತಿ ಎಳೆತ ಬಿದ್ದಿರುತ್ತದೆ. ಮೇಲಿನ ಸಡಿಲ ಮರಳಾದರೆ ಇನ್ನೂ ಕಷ್ಟ. ಹಿಮ್ಮಡಿ ಹುಗಿದು ಮೀನಖಂಡ ಮತ್ತು ಹಿಮ್ಮಡಿಯ ನರ (ಸ್ನಾಯುರಜ್ಜು) ಎಳೆಯುತ್ತದೆ. ಎರಡು ವಾರ ಮರಳು ಪೂರ್ತಿ ಬಿಡಿ. ಬೆಳಿಗ್ಗೆ ಎದ್ದು ಮೊದಲ ಹೆಜ್ಜೆ ಇಡುವಾಗ ನೋವು ಹಾಗೇ ಇದ್ದರೆ ಮೂಳೆ ಡಾಕ್ಟರಿಗೆ ತೋರಿಸಿ, ತಡ ಮಾಡಬೇಡಿ.

ಮರಳು ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ವಾರಕ್ಕೊಮ್ಮೆ, ಐದಾರು ಕಿಲೋಮೀಟರ್, ಇಳಿತದ ಹೊತ್ತಿನಲ್ಲಿ ಒದ್ದೆ ಗಟ್ಟಿ ಮರಳಿನ ಮೇಲೆ ಓಡಿದರೆ ಪಾದಕ್ಕೆ ಬಲ ಬರುತ್ತದೆ. ಭರತಿ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಈ ಭಾನುವಾರ ಆರು ಗಂಟೆಗೆ ಗಟ್ಟಿ ಮರಳು ಸಿಕ್ಕಿತು ಅಂತ ಮುಂದಿನ ಭಾನುವಾರ ಹೋದರೆ ಅಲ್ಲಿ ನೀರಿರುತ್ತದೆ. ಮೀನುಗಾರರನ್ನು ಕೇಳಿ, ಹೇಳುತ್ತಾರೆ. ರಂಪಣಿ ಬಲೆ ಎಳೆಯುವ ದಿನ ಹಗ್ಗ ನೀರಿನಿಂದ ಮರಳಿನವರೆಗೆ ಮೊಣಕಾಲ ಎತ್ತರಕ್ಕೆ ಬಿಗಿದು ನಿಂತಿರುತ್ತದೆ. ಮಬ್ಬಿನಲ್ಲಿ ಅದು ಕಾಣುವುದಿಲ್ಲ. ಒಮ್ಮೆ ನಾನು ಎಡವಿ ಬಿದ್ದಾಗ ಬಲೆ ಎಳೆಯುತ್ತಿದ್ದ ಹೆಂಗಸೊಬ್ಬಳು ಹಗ್ಗ ಬಿಟ್ಟು ಓಡಿ ಬಂದು ಎಬ್ಬಿಸಿದ್ದಳು. ಆವತ್ತಿನಿಂದ ಬೆಳಕು ಹರಿದ ಮೇಲೆಯೇ ಬೀಚಿಗೆ ಇಳಿಯುತ್ತೇನೆ.

ಲಾಂಗ್ ರನ್ ಮಾತ್ರ ರಸ್ತೆಯಲ್ಲೇ ಆಗಬೇಕು. ಮಣಿಪಾಲದಲ್ಲಿ ಓಡುವುದು ಡಾಂಬರಿನ ಮೇಲೆ, ಅದೂ ಏರಿಳಿತದ ಊರು. ಡಾಂಬರಿನ ಪೆಟ್ಟು ಕಾಲಿಗೆ ಗೊತ್ತಿರಬೇಕು. ಮೊದಲು ನಾನು ಕಾಳಿ ಸೇತುವೆ ದಾಟಿ ಸದಾಶಿವಗಡದ ಕಡೆ ಓಡುತ್ತಿದ್ದೆ. ಸೂರ್ಯ ಹುಟ್ಟುವಾಗ ಸೇತುವೆ ಮೇಲಿರಬೇಕು ಅನ್ನುವುದು ನನ್ನ ಭಾನುವಾರದ ಆಸೆ. 2024ರ ಆಗಸ್ಟ್‌ನಲ್ಲಿ ಹಳೇ ಸೇತುವೆ ಕುಸಿದು ಬಿದ್ದ ಮೇಲೆ ಆ ದಾರಿ ಬಿಟ್ಟೆ. ಬಿಣಗಾ ಕಡೆಯ ಸುರಂಗದಲ್ಲಂತೂ ಓಡುವ ಯೋಚನೆಯೇ ಬೇಡ. ಈಗ ನಾನು ಹೋಗುವುದು ಕಡವಾಡ, ಕಿನ್ನರದ ಕಡೆ. ಭಾನುವಾರ ಬೆಳಿಗ್ಗೆ ವಾಹನ ಕಡಿಮೆ, ಮರದ ನೆರಳಿದೆ. ರಸ್ತೆಯ ಬಲಬದಿಯಲ್ಲಿ ಓಡಿ, ಎದುರಿಗೆ ಬರುವ ಗಾಡಿ ಕಣ್ಣಿಗೆ ಕಾಣಬೇಕು. ಮಿಂಚುವ ಜಾಕೆಟ್ ಹಾಕಿ. ನಾಯಿ ಬಂದರೆ ಓಡಬೇಡಿ, ನಿಂತುಬಿಡಿ, ಆಮೇಲೆ ನಡೆಯಿರಿ. ಭಾನುವಾರ ಬೆಳಿಗ್ಗೆ ಐದೂವರೆಗೆ ನಾವು ನಾಲ್ಕು ಜನ ಹೆಂಗಸರು ಹೊರಡುತ್ತೇವೆ. ಈ ಪತ್ರಿಕೆಯ ಮೂಲಕ ತಿಳಿಸಿದರೆ ನೀವು ಐದನೆಯವರಾಗಬಹುದು.

ಪ್ರಶ್ನೆ: ಮೊದಲ ಹಾಫ್ ಮುಗಿಸಿ ಬಂದೆ. ಎರಡೂ ಹೆಬ್ಬೆರಳಿನ ಉಗುರು ಕಪ್ಪಾಗಿದೆ. ಫುಲ್ ಓಡಿದರೆ ಉಗುರೇ ಹೋಗುತ್ತದಾ?
— ಕಾಲೇಜು ವಿದ್ಯಾರ್ಥಿ, ಹೊನ್ನಾವರ

ಉತ್ತರ: ಶೂ ಚಿಕ್ಕದಾಗಿದೆ. ಓಡುತ್ತಾ ಪಾದ ಊದುತ್ತದೆ, ಬೆರಳು ಮುಂದೆ ಗುದ್ದುತ್ತದೆ. ನಿಂತಾಗ ಹೆಬ್ಬೆರಳಿನ ಮುಂದೆ ಇನ್ನೊಂದು ಹೆಬ್ಬೆರಳಿನ ಅಗಲದಷ್ಟು ಜಾಗ ಇರಬೇಕು. ಶೂ ಕೊಳ್ಳಲು ಸಂಜೆ ಹೋಗಿ, ಓಡುವಾಗ ಹಾಕುವ ಕಾಲುಚೀಲ ಹಾಕಿಕೊಂಡೇ ಹೋಗಿ. ಉಗುರನ್ನು ನೇರವಾಗಿ ಕತ್ತರಿಸಿ. ಈಗ ಕಪ್ಪಾದದ್ದನ್ನು ಕೀಳಬೇಡಿ, ಕೆಳಗಿನಿಂದ ಹೊಸದು ಬರುತ್ತದೆ, ತಿಂಗಳುಗಟ್ಟಲೆ ಬೇಕು. ನೋವು, ಕೀವು ಇದ್ದರೆ ಮಾತ್ರ ಡಾಕ್ಟರಿಗೆ ತೋರಿಸಿ.

ಪ್ರಶ್ನೆ: ನಾವು ಗಂಡ ಹೆಂಡತಿ ಇಬ್ಬರೂ ಹಾಫ್ ಓಡುತ್ತೇವೆ, ಈ ಸಲ ಫುಲ್. ಹಿಂದಿನ ರಾತ್ರಿ ಹೊಟ್ಟೆ ತುಂಬ ಪಾಸ್ತಾ ತಿನ್ನಬೇಕು ಅಂತ ಎಲ್ಲರೂ ಹೇಳುತ್ತಾರೆ. ನಮಗೆ ಅದು ಸೇರುವುದಿಲ್ಲ. ನಮ್ಮ ಊಟ ನಡೆಯುತ್ತದಾ?
— ದಂಪತಿ, ಅಂಕೋಲಾ

ಉತ್ತರ: ಧಾರಾಳವಾಗಿ ನಡೆಯುತ್ತದೆ. ದೇಹಕ್ಕೆ ಬೇಕಾಗಿರುವುದು ಪಿಷ್ಟ, ಅದು ಅನ್ನದಲ್ಲಿ ಬೇಕಾದಷ್ಟಿದೆ. ಒಂದೇ ರಾತ್ರಿ ಹೊಟ್ಟೆ ಬಿರಿಯುವಷ್ಟು ತಿಂದರೆ ಬೆಳಿಗ್ಗೆ ಶೌಚಾಲಯದ ಸಾಲಿನಲ್ಲಿ ಪರದಾಡಬೇಕಾಗುತ್ತದೆ. ಕೊನೆಯ ಎರಡು ದಿನ ಅನ್ನ ಸ್ವಲ್ಪ ಜಾಸ್ತಿ, ಪಲ್ಯ, ಕಾಳು, ಎಣ್ಣೆ ಕಡಿಮೆ. ಹಿಂದಿನ ರಾತ್ರಿ ಏಳಕ್ಕೇ ಬಿಳಿ ಅನ್ನ, ತಿಳಿಸಾರು, ಸ್ವಲ್ಪ ಮೊಸರು. ಮೀನು ಇಷ್ಟ ಅಂತ ಗೊತ್ತು, ಆ ರಾತ್ರಿ ಮಾತ್ರ ಹೊರಗಿನ ಮೀನು ಬೇಡ. ಸೊಪ್ಪು, ಹಲಸಂದೆ, ಹುರಿದ ಪದಾರ್ಥ ಯಾವುದೂ ಬೇಡ.

ಬೆಳಿಗ್ಗೆ ಓಟಕ್ಕೆ ಎರಡೂವರೆ ಗಂಟೆ ಮುಂಚೆ ಎದ್ದು ತಿನ್ನಬೇಕು. ನನ್ನದು ನಾಲ್ಕು ತೆಳ್ಳೇವು (ತೆಳು ದೋಸೆ), ಜೋನಿ ಬೆಲ್ಲ (ನೀರುಬೆಲ್ಲ), ಅರ್ಧ ಲೋಟ ಚಹಾ. ಹನ್ನೊಂದು ಫುಲ್‌ನಲ್ಲಿ ಒಂಬತ್ತು ಇದರ ಮೇಲೇ ಓಡಿದ್ದೇನೆ. ಲಾಡ್ಜಿನಲ್ಲಿ ಆ ಹೊತ್ತಿಗೆ ಯಾರೂ ಏನೂ ಮಾಡಿಕೊಡುವುದಿಲ್ಲ. ಹಾಗಾಗಿ ಮನೆಯಲ್ಲೇ ಎರೆದು, ಆರಿಸಿ, ಬಾಳೆ ಎಲೆಯಲ್ಲಿ ಸುತ್ತಿ ಒಯ್ಯುತ್ತೇನೆ. ದೂರದ ಊರಾಗಿ ಎರಡು ದಿನ ಇಡಬೇಕಾದರೆ ತೆಳ್ಳೇವು ಹಳಸುತ್ತದೆ. ಆಗ ಅವಲಕ್ಕಿ ಒಯ್ಯಿರಿ. ಬಿಸಿನೀರು ಸಿಕ್ಕರೆ ಸಾಕು, ಬೆಲ್ಲ ಹಾಕಿ ಕಲಸಿ ತಿನ್ನಬಹುದು. ಮೊದಲು ನಿಮ್ಮ ಹಾಫ್‌ನ ದಿನ ತಿಂದು ನೋಡಿ. ಅಲ್ಲಿ ಹೊಟ್ಟೆಗೆ ಒಗ್ಗಿದ್ದನ್ನೇ ಫುಲ್‌ಗೆ ಒಯ್ಯಿರಿ. ಇಬ್ಬರಿಗೂ ಒಂದೇ ಒಗ್ಗಬೇಕು ಅಂತೇನಿಲ್ಲ, ಬೇರೆ ಬೇರೆ ಡಬ್ಬಿ ಮಾಡಿಕೊಳ್ಳಿ. ಜೋನಿ ಬೆಲ್ಲದ ಬಾಟಲಿಗೆ ಮಾತ್ರ ಮುಚ್ಚಳದ ಕೆಳಗೆ ಒಂದು ಪ್ಲಾಸ್ಟಿಕ್ ತುಂಡು ಹಾಕಿ ಬಿಗಿಯಾಗಿ ತಿರುಗಿಸಿ, ಬೇರೆಯೇ ಚೀಲದಲ್ಲಿಡಿ. ಬಿಬ್ (ಎದೆಗೆ ಚುಚ್ಚಿಕೊಳ್ಳುವ ನಂಬರು) ಮತ್ತು ಪಿನ್ನು ಇಟ್ಟ ಚೀಲದಲ್ಲಿ ಬೇಡ.